ಬ್ರೆಝಾಗೆ ಹೊಸ ಟೈರ್: ಘಾಟ್, ಮಳೆ, ತೋಟದ ಕೆಂಪು ಮಣ್ಣು. ಯಾವುದು ಹಾಕಿಸಲಿ?

ಹುಲೇಕಲ್ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು 2018ರ ವಿಟಾರಾ ಬ್ರೆಝಾ, ಡೀಸೆಲ್, ಝಡ್‌ಡಿಐ. 56,000 ಕಿ.ಮೀ. ಓಡಿದೆ. ಟೈರ್ ಕಂಪನಿಯಿಂದ ಬಂದದ್ದೇ ಇನ್ನೂ ಇದೆ. ಸೈಜ್ 215/60 ಆರ್16, ಪಕ್ಕದಲ್ಲಿ 95ಎಚ್ ಅಂತ ಬರೆದಿದೆ. ಮಳೆಗಾಲದ ಒಳಗೆ ಬದಲಾಯಿಸಲೇಬೇಕು. ಆದರೆ ಯಾವುದು ಅಂತ ತೀರ್ಮಾನ ಆಗ್ತಾ ಇಲ್ಲ. ಕೇಳಿದವರೆಲ್ಲ ಒಂದೊಂದು ಹೇಳ್ತಾರೆ.

ಕಾರು ಓಡಿಸೋದು ಹೆಚ್ಚಾಗಿ ನಾನೇ. ವಾರವಿಡೀ ಶಾಲೆಗೆ ಹೋಗಿ ಬರೋದು, ಅದು ಡಾಂಬರು ರಸ್ತೆ. ರಜೆ ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಅಂಕೋಲೆಗೆ, ತವರುಮನೆಗೆ. ದೇವಿಮನೆ ಘಾಟ್ ಇಳಿದು ಕುಮಟಾ ಮೇಲೆ ಹೋಗ್ತೇವೆ. ಅತ್ತೆಯವರನ್ನು ಆಗಾಗ ಮಣಿಪಾಲಕ್ಕೆ ತೋರಿಸಲು ಕರೆದೊಯ್ಯಬೇಕು, ಆಗ ಹೆದ್ದಾರಿ 66ರಲ್ಲಿ ದೂರದ ಓಟ. ಇದೆಲ್ಲ ಸರಿ. ತೊಂದರೆ ಇರೋದು ಕೊನೆಯ ಒಂದು ಕಿಲೋಮೀಟರಿನಲ್ಲಿ. ಡಾಂಬರು ಬಿಟ್ಟು ನಮ್ಮ ತೋಟದ ಮನೆಗೆ ಇಳಿಯುವ ದಾರಿ ಪೂರ್ತಿ ಕೆಂಪು ಮಣ್ಣು. ಸಂಕ ದಾಟಿದ ಮೇಲೆ ಒಂದು ಏರು ಇದೆ. ಆಷಾಢದಲ್ಲಿ ಅಲ್ಲಿ ಮುಂದಿನ ಚಕ್ರ ಸುಮ್ನೆ ತಿರುಗುತ್ತದೆ, ಕಾರು ಇದ್ದಲ್ಲೇ ಇರುತ್ತದೆ.

ಮೊನ್ನೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದಿನ ಎಡ ಟೈರ್ ನೋಡಿದೆ. ಹೊರಗಿನ ಅಂಚಿನಲ್ಲಿ ಇನ್ನೂ ಒಳ್ಳೆ ಗೀರು (ರಬ್ಬರಿನಲ್ಲಿ ಕೊರೆದ ಕಾಲುವೆಯಂಥದ್ದು) ಇದೆ. ಒಳ ಅಂಚಿಗೆ ಬೆರಳಾಡಿಸಿದರೆ ನುಣ್ಣಗಾಗಿದೆ, ಗೀರೇ ಇಲ್ಲ. ಎದುರಿನಿಂದ ನೋಡಿದರೆ ಇದು ಗೊತ್ತೇ ಆಗೋದಿಲ್ಲ. ಹಿಂದಿನ ಎರಡು ಟೈರ್‌ಗಳ ಪಕ್ಕದಲ್ಲಿ ಕೂದಲೆಳೆ ಬಿರುಕು ಕಾಣ್ತಿದೆ.

ಈಗ ಸಿಕ್ಕಿರುವ ಸಲಹೆ ನೋಡಿ. ಅಂಗಡಿಯವರು: "ಎಸ್‌ಯುವಿ ಅಲ್ವಾ, ಎ/ಟಿ, ಅಂದರೆ ಆಲ್ ಟೆರೇನ್ ಟೈರ್ ಹಾಕಿಸಿ, ಮಣ್ಣು ರಸ್ತೆಗೂ ಆಯ್ತು." ನಮ್ಮನೆಯವರು: "ಒಂದು ಸೈಜ್ ದೊಡ್ಡದು ಹಾಕಿಸಿದರೆ ಕೆಳಗೆ ಕಲ್ಲು ತಾಗೋದಿಲ್ಲ." ಹುಬ್ಬಳ್ಳಿಯ ಮೈದುನ: "ಮುಂದಿನ ಎರಡು ಮಾತ್ರ ಬದಲಾಯಿಸಿ ಅತ್ತಿಗೆ, ಹಿಂದಿನದು ಇನ್ನೊಂದು ವರ್ಷ ಬರ್ತದೆ." ಸ್ಟೆಪ್ನಿ ಒಮ್ಮೆಯೂ ಕೆಳಗೆ ಇಳಿಸಿಲ್ಲ, ಅದನ್ನೇ ಹಾಕಿ ಒಂದು ಟೈರಿನ ದುಡ್ಡು ಉಳಿಸಬಹುದು ಅಂತಲೂ ಮಾತು ಬಂತು.

ಒಂದು ಟೈರಿಗೆ ಎಂಟು ಸಾವಿರದ ಆಸುಪಾಸು ಹೇಳ್ತಿದ್ದಾರೆ. ನಾಲ್ಕಕ್ಕೆ ಲೆಕ್ಕ ಹಾಕಿದರೆ ಕೈ ನಡುಗ್ತದೆ. ದಯವಿಟ್ಟು ಈ ಕಡೆ ಓಡಾಡುವವರು ಹೇಳಿ. ಬೆಂಗಳೂರಿನ ವಿಡಿಯೊ ನೋಡಿ ಸಾಕಾಗಿದೆ.

ಯಲ್ಲಾಪುರ ರೈಡರ್:

ಎ/ಟಿ ಹಾಕಿಸಿ ಅಕ್ಕ, ಕಣ್ಣು ಮುಚ್ಚಿ. ನನ್ನ ಬೊಲೆರೊಗೆ ಹಾಕಿಸಿದ್ದೇನೆ. ತೋಟ, ಗದ್ದೆ ಬದು, ಹಳ್ಳ ಎಲ್ಲ ಕಡೆ ಹೋಗ್ತದೆ. ನೋಡೋದಕ್ಕೂ ಗಾಡಿ ಗತ್ತಾಗಿ ಕಾಣ್ತದೆ. ಸ್ವಲ್ಪ ಗುಂಯ್ ಅಂತ ಶಬ್ದ ಬರ್ತದೆ, ಹಾಡು ಹಾಕಿಕೊಂಡರೆ ಆಯ್ತು.

ಕುಮಟಾ ಘಾಟ್ ಡ್ರೈವರ್:

ಅಕ್ಕೋರೇ, ನಾನು ಮ್ಯಾಟಡೋರ್ ಕಾಲದಿಂದ ಈ ಘಾಟ್ ಹತ್ತಿ ಇಳಿದವನು. ಈಗ ಟೂರಿಸ್ಟ್ ಗಾಡಿ ಓಡಿಸ್ತೇನೆ. ಯಲ್ಲಾಪುರದ ತಮ್ಮ ಹೇಳಿದ್ದು ಅವನ ಬೊಲೆರೊಗೆ ಸರಿ. ನಿಮ್ಮ ಗಾಡಿಗೆ ಅಲ್ಲ.

ನಿಮ್ಮ ಓಟದ ಲೆಕ್ಕ ನೀವೇ ಬರೆದಿದ್ದೀರಿ. ಮಣ್ಣು ಒಂದು ಕಿಲೋಮೀಟರ್. ಸಿರ್ಸಿಯಿಂದ ಕುಮಟಾಕ್ಕೆ ಸುಮಾರು ಅರವತ್ತು ಕಿಲೋಮೀಟರ್ ಡಾಂಬರು. ಮಣಿಪಾಲ ಅಂದರೆ ಇನ್ನೂ ಎಷ್ಟೋ. ಮಣ್ಣಿನಲ್ಲಿ ಟೈರ್ ಜಾರಿದರೆ ಕಾರು ನಿಲ್ಲುತ್ತದೆ, ನೀವು ಬೈದುಕೊಂಡು ನಡೆದು ಮನೆಗೆ ಹೋಗ್ತೀರಿ. ಒದ್ದೆ ಡಾಂಬರಿನಲ್ಲಿ, ದೇವಿಮನೆ ತಿರುವಿನಲ್ಲಿ, ಮಕ್ಕಳನ್ನು ಕೂರಿಸಿಕೊಂಡಾಗ ಜಾರಿದರೆ? ಎದುರಿಗೆ ಲಾರಿ, ಪಕ್ಕಕ್ಕೆ ಕಮರಿ. ಹಾಗಾಗಿ ಟೈರ್ ಆರಿಸುವಾಗ ಒಂದೇ ಮಾತು ಕೇಳಿ: ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿದರೆ ಇದು ನಿಲ್ಲುತ್ತದಾ? ಬಾಕಿ ಎಲ್ಲ ಆಮೇಲೆ.

ಎ/ಟಿ ಟೈರಿನಲ್ಲಿ ಗಟ್ಟಿ ಗಟ್ಟಿ ಬ್ಲಾಕ್, ನಡುವೆ ಅಗಲದ ಸಂದು. ಮಣ್ಣು, ಜಲ್ಲಿ ಕಚ್ಚಿಕೊಳ್ಳಲು ಅದು ಬೇಕು. ಆದರೆ ಸಂದು ಜಾಸ್ತಿ ಆದಷ್ಟೂ ಡಾಂಬರಿಗೆ ತಾಗುವ ರಬ್ಬರ್ ಕಡಿಮೆ. ಒದ್ದೆ ರಸ್ತೆಯಲ್ಲಿ ಒಳ್ಳೆ ಎಚ್/ಟಿ (ಹೈವೇ ಟೆರೇನ್, ಡಾಂಬರು ರಸ್ತೆಗೆಂದೇ ಮಾಡಿದ) ಟೈರ್ ನಿಲ್ಲುವಷ್ಟು ಬೇಗ ಸಾಮಾನ್ಯ ಎ/ಟಿ ನಿಲ್ಲೋದಿಲ್ಲ. ತೂಕ ಜಾಸ್ತಿ, ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಶಬ್ದವಂತೂ ಇದ್ದದ್ದೇ. ಇನ್ನು ನಿಮ್ಮ ಏರಿನ ವಿಷಯ. ಬ್ರೆಝಾ ಮುಂದಿನ ಚಕ್ರ ಎಳೆಯುವ ಗಾಡಿ. ಏರು ಹತ್ತುವಾಗ ಭಾರ ಹಿಂದಕ್ಕೆ ಹೋಗಿ ಮೂತಿ ಹಗುರಾಗುತ್ತದೆ. ನಮ್ಮ ಕೆಂಪು ಮಣ್ಣು ಅಂಟುಮಣ್ಣು. ನಾಲ್ಕು ಸುತ್ತು ತಿರುಗುವುದರೊಳಗೆ ಎ/ಟಿ ಸಂದೂ ತುಂಬಿಕೊಳ್ಳುತ್ತದೆ, ಆಮೇಲೆ ಅದೂ ಬೋಳು ಟೈರೇ. ಆ ಏರಿಗೆ ಎರಡು ಟ್ರಿಪ್ ಚಿರೇಕಲ್ಲು ಚೂರು ಹಾಕಿಸಿ, ಮೇಲೆ ಜಲ್ಲಿ ಹರಡಿ, ನೀರು ಹೋಗಲು ಬದಿಗೆ ಕಾಲುವೆ ತೆಗೆಸಿ. ಎ/ಟಿಗೆ ಹಾಕುವ ದುಡ್ಡಿಗಿಂತ ಇದು ಹೆಚ್ಚು ಕೆಲಸಕ್ಕೆ ಬರ್ತದೆ. ಜೀಪಿಗೆ, ಅಡಿಕೆ ತರುವ ಗಾಡಿಗೆ, ನಿಮಗೆ, ಎಲ್ಲರಿಗೂ.

ಸ್ಟೆಪ್ನಿ ವಿಷಯ ಅಂತೂ ಬಿಟ್ಟೇ ಬಿಡಿ. ಟೈರ್ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲು ಇದೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 1418 ಅಂತಿದ್ದರೆ 2018ರ ಹದಿನಾಲ್ಕನೇ ವಾರ ತಯಾರಾದದ್ದು. ಓಡದೆ ಬಿದ್ದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಗಟ್ಟಿಯಾಗುತ್ತದೆ. ಹಳೆ ರಬ್ಬರ್ ಒದ್ದೆ ಡಾಂಬರಿನ ಮೇಲೆ ಹೋಗೋದು ಹಾವಸೆ ಹಿಡಿದ ಅಂಗಳದಲ್ಲಿ ಸವೆದ ಹವಾಯಿ ಚಪ್ಪಲಿ ಹಾಕಿ ನಡೆದ ಹಾಗೆ. ಹಿಂದಿನ ಟೈರಿನಲ್ಲಿ ಕೂದಲೆಳೆ ಬಿರುಕು ಅಂದಿರಲ್ಲ, ಅದೂ ಅದೇ ಕಥೆ. ಗೀರು ಎಷ್ಟೇ ಉಳಿದಿರಲಿ, ಅದರ ಆಯುಷ್ಯ ಮುಗಿದಿದೆ. ಮೈದುನನಿಗೆ ಹೇಳಿ, ನಾಲ್ಕೂ ಬದಲಾಯಿಸಬೇಕು.

ಕಾರವಾರ ಕೋಡಿಬಾಗ:

ಡ್ರೈವರಣ್ಣ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ದೊಡ್ಡ ಸೈಜ್ ಬಗ್ಗೆ ಮಾತ್ರ ಸ್ವಲ್ಪ ಲೆಕ್ಕ ಹೇಳ್ತೇನೆ, ನಿಮ್ಮನೆಯವರಿಗೆ ತೋರಿಸಿ.

215/60 ಆರ್16 ಅಂದರೆ ಅಗಲ 215 ಮಿ.ಮೀ. ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ ಅರವತ್ತು, ಅಂದರೆ 129 ಮಿ.ಮೀ. ಡಿಸ್ಕ್ 16 ಇಂಚು. ಎಲ್ಲ ಸೇರಿಸಿದರೆ ಟೈರಿನ ಒಟ್ಟು ಎತ್ತರ ಸುಮಾರು 664 ಮಿ.ಮೀ. 225/60 ಹಾಕಿದರೆ 676. ಆದರೆ ಕಾರು ಮೇಲೇರೋದು ಅದರ ಅರ್ಧ ಮಾತ್ರ, ಬರೀ 6 ಮಿ.ಮೀ. ಅಷ್ಟಕ್ಕೆ ಯಾವ ಕಲ್ಲೂ ತಪ್ಪೋದಿಲ್ಲ. 215/65 ಹಾಕಿದರೆ 11 ಮಿ.ಮೀ. ಸಿಗುತ್ತದೆ, ಆದರೆ ಮೀಟರ್ 80 ತೋರಿಸುವಾಗ ಕಾರು ಸುಮಾರು 82ರಿಂದ 83ರಲ್ಲಿ ಓಡ್ತಿರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡ್ ಒಳಗೆ ಉಜ್ಜಬಹುದು, ಮೇಲೆ ಕೆಸರು ಮೆತ್ತಿಕೊಂಡರೆ ಇನ್ನೂ ಕಷ್ಟ. ಕಂಪನಿ ಸೈಜೇ ಹಾಕಿಸಿ.

95ಎಚ್ ಅನ್ನೋದನ್ನೂ ಕಡಿಮೆ ಮಾಡಬೇಡಿ. 95 ಅಂದರೆ ಒಂದು ಟೈರ್ 690 ಕಿಲೊ ಭಾರ ಹೊರುತ್ತದೆ. ಎಚ್ ಅಂದರೆ ಗಂಟೆಗೆ 210 ಕಿ.ಮೀ. ತನಕ ತಾಳುತ್ತದೆ. ಅಷ್ಟು ಜೋರಾಗಿ ಯಾರೂ ಹೋಗೋದಿಲ್ಲ ಬಿಡಿ. ಆದರೂ ಕಂಪನಿ ಕೊಟ್ಟದ್ದಕ್ಕಿಂತ ಕೆಳಗೆ ಇಳಿಯೋದು ಬೇಡ. 98 ಬಂದರೆ ತೊಂದರೆ ಇಲ್ಲ.

ಬೆಲೆ ಬಗ್ಗೆ: 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಮೂಲ ಬೆಲೆ ನೂರು ರೂಪಾಯಿ ಆದರೆ ಮೊದಲು 128 ಕೊಡ್ತಿದ್ದಿರಿ, ಈಗ 118. ಯಾರಾದರೂ ಹಳೆ ರೇಟಿನ ಚೀಟಿ ತೋರಿಸಿದರೆ ಇದನ್ನು ನೆನಪಿಸಿ. ಪಕ್ಕಾ ಬಿಲ್ ತೆಗೆದುಕೊಳ್ಳಿ, ಅದರಲ್ಲಿ ನಾಲ್ಕೂ ಟೈರಿನ ಸೀರಿಯಲ್ ನಂಬರ್ ಬರೆಸಿ. ನಾಳೆ ಪಕ್ಕದಲ್ಲಿ ಉಬ್ಬು ಬಂದರೆ ವಾರಂಟಿ ಕೇಳಲು ಅದೇ ಆಧಾರ.

ಇನ್ನೊಂದು, ಇದು ನಮ್ಮ ಕರಾವಳಿಯವರ ಗೋಳು. ಉಪ್ಪುಗಾಳಿಗೆ ಡಿಸ್ಕಿನ ಅಂಚು ಹಿಡಿಯುತ್ತದೆ. ಅಲಾಯ್ ಆದರೂ ಬಿಳಿ ಪುಡಿ ಪುಡಿ ಬರುತ್ತದೆ, ಟೈರ್ ಕೂರುವ ಜಾಗದಲ್ಲೇ. ಹೊಸ ಟೈರ್ ಹಾಕಿದ ಮೇಲೂ ವಾರಕ್ಕೊಮ್ಮೆ ಗಾಳಿ ಇಳಿಯುತ್ತಿದ್ದರೆ ಪಂಕ್ಚರ್ ಹುಡುಕುತ್ತಾ ಕೂರಬೇಡಿ, ಕಾರಣ ಇದೇ ಇರಬಹುದು. ಹಳೆ ಟೈರ್ ಬಿಚ್ಚಿದಾಗ ಅಂಚನ್ನು ಬ್ರಷ್ ಹಾಕಿ ಉಜ್ಜಿಸಿ. ವಾಲ್ವ್ ನಾಲ್ಕೂ ಹೊಸದು ಹಾಕಿಸಿ, ಅದರ ಖರ್ಚು ಏನೂ ಅಲ್ಲ. ನೀವು ಘಟ್ಟದ ಮೇಲಿನವರು ನಿಜ, ಆದರೆ ಅಂಕೋಲೆ ತವರುಮನೆ ಅಂದಿರಲ್ಲ.

ಬ್ರ್ಯಾಂಡ್ ಬಗ್ಗೆ ಜಗಳ ಬೇಡ. ಎಂಆರ್‌ಎಫ್ ವಾಂಡರರ್, ಅಪೊಲೊ ಆಪ್ಟೆರಾ, ಯೊಕೊಹಾಮಾ ಜಿಯೊಲ್ಯಾಂಡರ್, ಬ್ರಿಡ್ಜ್‌ಸ್ಟೋನ್, ಮಿಶೆಲಿನ್ ಎಲ್ಲ ಎಸ್‌ಯುವಿ ಟೈರ್ ಮಾಡ್ತಾರೆ. ಎಂಆರ್‌ಎಫ್ ಫ್ಯಾಕ್ಟರಿ ನಮಗೆ ಹತ್ತಿರ, ಗೋವಾದ ಉಸಗಾಂವ್‌ನಲ್ಲಿದೆ. ಹಾಗಂತ ಕಾರವಾರದವರಿಗೆ ಒಂದು ರೂಪಾಯಿನೂ ಕಡಿಮೆ ಇಲ್ಲ!

ಹುಲೇಕಲ್ ಟೀಚರ್:

ತುಂಬಾ ಥ್ಯಾಂಕ್ಸ್. ಸ್ಟೆಪ್ನಿ ನೋಡಿದೆ, 205/60 ಆರ್16, ಕಬ್ಬಿಣದ ಡಿಸ್ಕ್. ಅಂದರೆ ಸೈಜೇ ಬೇರೆ! ಆ ಮಾತು ಅಲ್ಲಿಗೆ ಮುಗಿಯಿತು.

ಮೈದುನ ಇನ್ನೂ ಬಿಡ್ತಾ ಇಲ್ಲ. "ಹಿಂದಿನ ಟೈರಿನಲ್ಲಿ ಗೀರು ಅರ್ಧ ಇದೆ, ಮುಂದೆ ಹೊಸದು ಹಾಕಿದರೆ ಎಳೆತ, ಸ್ಟೇರಿಂಗ್, ಬ್ರೇಕ್ ಎಲ್ಲ ಅಲ್ಲೇ ಅಲ್ವಾ" ಅಂತಾನೆ. ಕೇಳಿದರೆ ಸರಿ ಅನಿಸ್ತದೆ. ಏನು ಉತ್ತರ ಕೊಡಲಿ?

ಕುಮಟಾ ಘಾಟ್ ಡ್ರೈವರ್:

ಎಲ್ಲರೂ ಹಾಗೇ ಅಂದುಕೊಳ್ಳೋದು ಅಕ್ಕೋರೇ, ಎಷ್ಟೋ ಅಂಗಡಿಯಲ್ಲೂ ಹಾಗೇ ಹಾಕಿಕೊಡ್ತಾರೆ. ನಿಜ ಅಂದರೆ ಎರಡೇ ಹೊಸದು ಹಾಕೋದಾದರೆ ಅದು ಹಿಂದೆ ಹೋಗಬೇಕು. ಮುಂದಿನ ಚಕ್ರ ಎಳೆಯುವ ಗಾಡಿಯಾದರೂ ಅಷ್ಟೇ.

ಯಾಕೆ ಅಂದರೆ, ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ. ಸ್ಟೇರಿಂಗ್ ಹಗುರ ಆದದ್ದು ಕೈಗೆ ಗೊತ್ತಾಗುತ್ತದೆ. ಕಾಲು ಎತ್ತಿದರೆ ವೇಗ ಇಳಿದು ಮತ್ತೆ ಹಿಡಿತ ಬರುತ್ತದೆ. ಹಿಂದಿನದು ಜಾರಿದರೆ ಹಾಗಲ್ಲ. ಬಾಲ ಒಂದು ಕಡೆ ಎಳೆದುಕೊಂಡು ಹೋಗುತ್ತದೆ, ಕಾರು ಅಡ್ಡ ತಿರುಗುತ್ತದೆ. ಅದು ಗೊತ್ತಾಗುವುದರೊಳಗೆ ಕೆಲಸ ಕೆಟ್ಟಿರುತ್ತದೆ. ಘಾಟ್ ಇಳಿಯುವಾಗ ಭಾರವೆಲ್ಲ ಮುಂದಕ್ಕೆ ಬಂದು ಹಿಂದಿನ ಚಕ್ರ ಮೊದಲೇ ಹಗುರ ಇರುತ್ತದೆ. ಅಂಥಲ್ಲಿ ಹಿಂದೆ 2018ರ ಗಟ್ಟಿ ರಬ್ಬರ್, ಮುಂದೆ ಹೊಸ ಟೈರ್. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಮುಂದಿನದು ಹಿಡಿಯುತ್ತದೆ, ಹಿಂದಿನದು ಕೈ ಬಿಡುತ್ತದೆ. ಅದಕ್ಕಿಂತ ಅಪಾಯದ ಜೋಡಿ ಬೇರೆ ಇಲ್ಲ. ಮೈದುನನಿಗೆ ಹುಬ್ಬಳ್ಳಿಯ ನೇರ ರಸ್ತೆಯಲ್ಲಿ ಇದು ಗೊತ್ತಾಗೋದಿಲ್ಲ.

ಗೀರು ಅರ್ಧ ಇದೆ ಅಂದದ್ದಕ್ಕೂ ಒಂದು ಮಾತು. ಹೊಸ ಟೈರಿನಲ್ಲಿ ಗೀರಿನ ಆಳ ಏಳೆಂಟು ಮಿ.ಮೀ. ಇರುತ್ತದೆ. ಗೀರಿನ ಒಳಗೆ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ ನೋಡಿ, ಟೈರಿನ ಮೇಲ್ಮೈ ಅದಕ್ಕೆ ಸಮ ಬಂದರೆ 1.6 ಮಿ.ಮೀ. ಉಳಿದಿದೆ ಅಂತ ಅರ್ಥ. ಕಾನೂನಿನ ಪ್ರಕಾರ ಅಲ್ಲಿಗೆ ಟೈರ್ ಮುಗಿಯಿತು. ನಮ್ಮ ಮಳೆಗೆ ಅಲ್ಲಿಯ ತನಕ ಕಾಯೋದು ಅಂದರೆ ಹುಚ್ಚುತನ. ಗೀರು ಇರೋದೇ ಕೆಳಗಿನ ನೀರನ್ನು ಬದಿಗೆ ಹೊರಹಾಕಲು. ಮೂರು ಮಿ.ಮೀ. ಕೆಳಗೆ ಬಂದರೆ ಆ ಕೆಲಸ ಸರಿಯಾಗಿ ಆಗೋದಿಲ್ಲ. ಹೆದ್ದಾರಿ 66ರಲ್ಲಿ ಜೋರು ಮಳೆಗೆ ಡಿವೈಡರ್ ಪಕ್ಕ ನೀರು ನಿಂತಿರುತ್ತದೆ. ಎಂಬತ್ತರಲ್ಲಿ ಅದರ ಮೇಲೆ ಹೋದರೆ ಟೈರ್ ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಇದೆಯಲ್ಲ ಅಂತ ಕೇಳ್ತಾರೆ. ಟೈರ್ ರಸ್ತೆಗೇ ತಾಗದಿದ್ದರೆ ಎಬಿಎಸ್ ಯಾರನ್ನು ಹಿಡಿಯಬೇಕು?

ಅಂಗಡಿಯಲ್ಲಿ ಟೈರ್ ನೋಡುವಾಗ ಸುತ್ತಲೂ ಮೂರ್ನಾಲ್ಕು ಅಗಲದ ಉದ್ದ ಗೀರು ಇರುವುದನ್ನು ಆರಿಸಿ. ನೀರು ಹೋಗೋದು ಅದರಲ್ಲೇ. ಡಾಟ್ ನಂಬರ್ ನೀವೇ ಓದಿ, ಅವರು ಹೇಳಿದ್ದನ್ನು ನಂಬಿ ಕೂರಬೇಡಿ. ಆರು ತಿಂಗಳೊಳಗಿನದು ಸಿಕ್ಕರೆ ಒಳ್ಳೆಯದು. ವರ್ಷ ದಾಟಿದ್ದು ಕೊಟ್ಟರೆ ಬೇರೆ ತರಿಸಿ ಅಂತ ಹೇಳಿ, ಹುಬ್ಬಳ್ಳಿಯಿಂದ ತರಿಸಿಕೊಡ್ತಾರೆ.

ಸಿರ್ಸಿ ಗ್ಯಾರೇಜ್:

ಟೈರ್ ಬಗ್ಗೆ ಎಲ್ಲ ಹೇಳಿಯಾಯ್ತು. ಆದರೆ ಮುಂದಿನ ಎಡ ಟೈರ್ ಒಳ ಅಂಚು ಮಾತ್ರ ಯಾಕೆ ಸವೆಯಿತು ಅಂತ ಯಾರೂ ಕೇಳಲಿಲ್ಲವಲ್ಲ! ಅದನ್ನು ನೋಡದೆ ಹೊಸ ಟೈರ್ ಹಾಕಿದರೆ ವರ್ಷದೊಳಗೆ ಅದೂ ಹಾಗೇ ಆಗುತ್ತದೆ.

ಟೈರ್ ನಡುವೆ ಸವೆದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದರೆ ಗಾಳಿ ಕಡಿಮೆ. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕಪ್ ಹೋಗಿರಬಹುದು. ಒಂದೇ ಅಂಚು ಸವೆದರೆ ಅಲೈನ್‌ಮೆಂಟ್, ಅಂದರೆ ಚಕ್ರ ನಿಂತಿರುವ ಕೋನ ತಪ್ಪಿದೆ, ಅಥವಾ ಕೆಳಗೆ ಏನೋ ಸಡಿಲ ಆಗಿದೆ. ನಮ್ಮ ಹೊಂಡದ ರಸ್ತೆಗೆ ಲೋವರ್ ಆರ್ಮ್ ಬುಷ್ (ಚಕ್ರ ಹಿಡಿಯುವ ಕೆಳಗಿನ ತೋಳಿನ ರಬ್ಬರ್), ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಇವೇ ಮೊದಲು ಹೋಗೋದು. ಹಾಗಾಗಿ ಮೊದಲು ಗಾಡಿ ಎತ್ತಿಸಿ, ಚಕ್ರ ಹಿಡಿದು ಅಲ್ಲಾಡಿಸಿ ನೋಡಿಸಿ. ಬುಷ್ ಹರಿದಿದ್ದರೆ ಅದನ್ನು ಬದಲಾಯಿಸಿ. ಆಮೇಲೆ ಟೈರ್, ಕೊನೆಗೆ ಅಲೈನ್‌ಮೆಂಟ್. ಬುಷ್ ಹೋದ ಗಾಡಿಗೆ ಅಲೈನ್‌ಮೆಂಟ್ ಮಾಡಿಸಿದರೆ ಮನೆ ಮುಟ್ಟುವುದರೊಳಗೆ ಮತ್ತೆ ಕೆಟ್ಟಿರುತ್ತದೆ. ಮಷಿನ್‌ನಿಂದ ಬರುವ ಚೀಟಿ ಕೇಳಿ ತೆಗೆದುಕೊಳ್ಳಿ. ಕೆಂಪು ಇದ್ದದ್ದು ಹಸಿರಾಗಿದೆಯಾ ಅಷ್ಟು ನೋಡಿದರೂ ಸಾಕು.

ನೈಟ್ರೋಜನ್ ಹಾಕಿಸಿ ಅಂತಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಪುಕ್ಕಟೆ ಕೊಟ್ಟರೆ ಹಾಕಿಸಿ, ದುಡ್ಡು ಕೊಡಬೇಡಿ. ಗಾಳಿ ಎಷ್ಟು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಕಾಣುವ ಚೀಟಿಯಲ್ಲಿದೆ. ಟೈರ್ ಗೋಡೆಯ ಮೇಲೆ ಬರೆದ ಗರಿಷ್ಠ ಅಂಕಿ ನೋಡಿ ತುಂಬಿಸಬೇಡಿ. ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ಚೆಕ್ ಮಾಡಿಸಿ. ಘಾಟ್ ಇಳಿದು ಬಂದು ಕುಮಟಾ ಬಂಕಿನಲ್ಲಿ ನೋಡಿದರೆ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಡಬೇಡಿ.

ಯಲ್ಲಾಪುರ ರೈಡರ್:

ಸರಿ ಸರಿ, ನಾನು ಸೋತೆ. ಆದರೂ ನನ್ನ ಬೊಲೆರೊದಿಂದ ಎ/ಟಿ ತೆಗೆಯೋದಿಲ್ಲ. ಅಕ್ಕ, ಆ ಏರಿನಲ್ಲಿ ಸಿಕ್ಕಿಹಾಕಿಕೊಂಡರೆ ಹೇಳಿ, ಹಗ್ಗ ತರ್ತೇನೆ.

ಹುಲೇಕಲ್ ಟೀಚರ್:

ಕೆಲಸ ಆಯ್ತು. ಗ್ಯಾರೇಜಿನವರು ಹೇಳಿದ್ದು ಸರಿ ಇತ್ತು, ಎಡಗಡೆ ಲೋವರ್ ಆರ್ಮ್ ಬುಷ್ ಸೀಳಿತ್ತು. ಕೆಳಗಿನಿಂದ ಕಬ್ಬಿಣದ ಸರಳು ಹಾಕಿ ಮೀಟಿದಾಗ ರಬ್ಬರ್ ಬಾಯಿ ಬಿಟ್ಟದ್ದು ನನಗೇ ಕಾಣಿಸಿತು. ಅದು ಬದಲಾಯಿಸಿ, ನಾಲ್ಕೂ ಟೈರ್ ಎಚ್/ಟಿ, ಅದೇ 215/60 ಹಾಕಿಸಿದೆವು. ಅಂಗಡಿಯವರು ಮೊದಲು ತಂದಿಟ್ಟ ಸೆಟ್‌ನಲ್ಲಿ ಎರಡು ಟೈರ್ ಹಳೆಯ ವರ್ಷದ್ದು. ನಾನು ಬಗ್ಗಿ ನಂಬರ್ ಓದಿದ್ದು ನೋಡಿ ಅವರೇ ನಕ್ಕು ಒಳಗಿನಿಂದ ಬೇರೆ ತಂದರು. ಹಳೆ ಮುಂದಿನ ಟೈರ್‌ಗಳಲ್ಲಿ ಒಂದರ ಒಳಗಡೆ ತಂತಿ ಕಾಣ್ತಿತ್ತು. ಅದನ್ನು ನೋಡಿದ ಮೇಲೆ ಮೈದುನನ ವಾದ ನಿಂತಿತು.

ಏರಿಗೆ ಚಿರೇಕಲ್ಲು ಚೂರು ಹಾಕುವ ಕೆಲಸ ನಮ್ಮನೆಯವರು ವಹಿಸಿಕೊಂಡಿದ್ದಾರೆ. ಮಳೆಗಾಲದೊಳಗೆ ಆಗ್ತದಾ ನೋಡಬೇಕು. ಹೊಸ ಟೈರ್ ನಾಲ್ಕು ದಿನ ಸ್ವಲ್ಪ ಜಾರುತ್ತದೆ ಅಂತ ಅಂಗಡಿಯವರು ಹೇಳಿದರು, ಹೌದಾ?

ಕುಮಟಾ ಘಾಟ್ ಡ್ರೈವರ್:

ಹೌದು. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆಯಂಥದ್ದು ಮೇಲೆ ಉಳಿದಿರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ನಿಧಾನ ಹೋಗಿ, ಜೋರು ಬ್ರೇಕ್ ಬೇಡ. ಎಂಟ್ಹತ್ತು ಸಾವಿರಕ್ಕೊಮ್ಮೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಮಾಡಿಸಿ. ಆಗ ನಾಲ್ಕೂ ಒಟ್ಟಿಗೆ ಸವೆಯುತ್ತವೆ. ಹಳೆ ಟೈರ್ ಏನು ಮಾಡಿದಿರಿ?

ಹುಲೇಕಲ್ ಟೀಚರ್:

ಎರಡು ಅಂಗಡಿಯಲ್ಲೇ ಬಿಟ್ಟೆವು. ಇನ್ನೆರಡು ಬಿರುಕಿನವು ಮನೆಗೆ ಬಂದಿವೆ. ಮಕ್ಕಳಿಗೆ ಮಾವಿನ ಮರಕ್ಕೆ ಜೋಕಾಲಿ ಕಟ್ಟಬೇಕಂತೆ.

ಕಾರವಾರ ಕೋಡಿಬಾಗ:

ಕಟ್ಟಿ, ಆದರೆ ತಳಕ್ಕೆ ಮೂರ್ನಾಲ್ಕು ತೂತು ಹೊಡೆಸಿ. ಮಳೆ ನೀರು ನಿಂತರೆ ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ಕೊಟ್ಟಿಗೆ ಹಿಂದೆ ಇನ್ನೊಂದು ಟೈರ್ ಬಿದ್ದಿದ್ದರೆ ಅದನ್ನೂ ಇವತ್ತೇ ಕವುಚಿ ನೀರು ಚೆಲ್ಲಿ.